ಬಾಡಿಗೆ ಮನೆಯ ಬಣ್ಣದಲ್ಲಿ ಸೀಸ: ಮಕ್ಕಳ ರಕ್ಷಣೆಯ ಹೊಣೆ ಯಾರದು?

ಅರಸೀಕೆರೆಯ ಕೊಬ್ಬರಿ ವಹಿವಾಟಾಗಲಿ, ಬೇಲೂರು ಹಾಗೂ ಹಳೇಬೀಡುಗಳ ಯಾತ್ರಿಕರನ್ನು ನೆಚ್ಚಿದ ವ್ಯಾಪಾರವಾಗಲಿ, ಅದರಿಂದ ಉಳಿದ ಹಣವನ್ನು ಮನೆ, ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಡುವುದರಲ್ಲಿ ತೊಡಗಿಸುವುದು ಈ ಭಾಗದ ವರ್ತಕ ಕುಟುಂಬಗಳಲ್ಲಿ ಬಹುಕಾಲದಿಂದ ಬಂದ ರೂಢಿ. ಮುಂದೆ ಅಂಗಡಿ ಹಿಂದೆ ಮನೆ, ಕೆಳಗೆ ಮಳಿಗೆ ಮೇಲೆ ವಾಸ, ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ವಠಾರದ ಸಾಲುಮನೆಗಳು, ಬೇಲೂರು ತಾಲ್ಲೂಕಿನ ಕಾಫಿ ತೋಟಗಳ ಲೈನ್ ಮನೆಗಳು, ಹೀಗೆ ವಸತಿಯ ರೂಪಗಳು ಹಲವು. 2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿ ಅತಿಥಿಗೃಹಗಳಾಗಿ ಪರಿವರ್ತಿಸುವ ಆಲೋಚನೆಗೂ ಇಂಬು ದೊರೆತಿದೆ. ಇಂತಹ ಊರುಗಳಲ್ಲಿ ಬಣ್ಣ ಮಾರುವವನು, ಮನೆಯ ಮಾಲೀಕ ಮತ್ತು ಆ ಮನೆಯಲ್ಲಿ ವಾಸಿಸುವ ನೌಕರನ ಧಣಿ, ಈ ಮೂವರೂ ಒಬ್ಬನೇ ಆಗಿರುವುದು ಅಪರೂಪವಲ್ಲ. ಆದುದರಿಂದಲೇ ಮನೆಯ ಬಣ್ಣದಲ್ಲಿ ಅಡಗಿರುವ ಸೀಸದ ವಿಷಯ ಕೇವಲ ವೈದ್ಯರ ವಿಷಯವಲ್ಲ. ಅದು ವ್ಯಾಪಾರದ ವಿಷಯವೂ ಹೌದು.

ಸೀಸವು ಮನೆಯೊಳಗೆ ಬರುವ ಬಗೆ

ಗೋಡೆಗೆ ಬಳಿಯುವ ಸುಣ್ಣದಿಂದ ಈ ಬಗೆಯ ಅಪಾಯವಿಲ್ಲ. ಅಪಾಯವಿರುವುದು ಬಾಗಿಲು, ಕಿಟಕಿಯ ಚೌಕಟ್ಟು ಮತ್ತು ಕಬ್ಬಿಣದ ಸರಳುಗಳಿಗೆ ಹಚ್ಚುವ ಎನಾಮೆಲ್ ಬಣ್ಣದಲ್ಲಿ. ಹೊಳೆಯುವ ಹಳದಿ, ಕಿತ್ತಳೆ, ಕೆಂಪು ಮತ್ತು ಹಸಿರು ಛಾಯೆಗಳಿಗೆ ಸೀಸದ ಕ್ರೋಮೇಟನ್ನು ಬಳಸುವುದು ದೀರ್ಘಕಾಲದ ಪದ್ಧತಿಯಾಗಿತ್ತು. ಬಣ್ಣವು ಬೇಗ ಒಣಗಲೆಂದು ಸೇರಿಸುವ ಡ್ರೈಯರುಗಳಲ್ಲಿ ಸೀಸದ ಸಂಯುಕ್ತಗಳಿದ್ದವು. ಕಬ್ಬಿಣ ತುಕ್ಕು ಹಿಡಿಯದಿರಲೆಂದು ಕೆಂಪು ಸೀಸದ ಪ್ರೈಮರನ್ನು ಹಚ್ಚಲಾಗುತ್ತಿತ್ತು.

ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣ ಸುಮ್ಮನಿದ್ದಲ್ಲಿ ಇರುತ್ತದೆ. ಆದರೆ ಬಾಗಿಲು ಚೌಕಟ್ಟಿಗೆ ಉಜ್ಜಿದಾಗಲೆಲ್ಲ, ಮಳೆಗಾಲದ ತೇವಕ್ಕೆ ಮರ ಉಬ್ಬಿ ಬಣ್ಣ ಬಿರಿದಾಗ, ಸರಳಿನ ಮೇಲಿನ ಪದರ ಉದುರಿದಾಗ, ಕಣ್ಣಿಗೆ ಕಾಣದ ಧೂಳು ನೆಲಕ್ಕೆ ಬೀಳುತ್ತದೆ. ಅಂಬೆಗಾಲಿಡುವ ಮಗು ನೆಲವನ್ನು ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ. ಕಿಟಕಿಯ ಸರಳು ಹಿಡಿದು ನಿಂತ ಮಗು ಅದನ್ನೇ ಕಚ್ಚುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಧೂಳು ಏಳುವುದು ಮಾತ್ರ ಯುಗಾದಿಗೋ ರಥೋತ್ಸವಕ್ಕೋ ಮುನ್ನ ಹಳೆಯ ಬಣ್ಣವನ್ನು ಒಣ ಕಾಗದದಿಂದ ಉಜ್ಜಿ ತೆಗೆಯುವಾಗ. ಮನೆ ಚೊಕ್ಕಟವಾಗಲೆಂದು ಮಾಡುವ ಕೆಲಸವೇ ಮನೆಯನ್ನು ಮಲಿನಗೊಳಿಸುತ್ತದೆ.

ಈ ತಿಳಿವಳಿಕೆ ಹೊಸತಲ್ಲ. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ ಅವರು ಮಕ್ಕಳ ಸೀಸವಿಷಕ್ಕೆ ಜಗಲಿಯ ಕಟಕಟೆ ಮತ್ತು ಮನೆಯ ಗೋಡೆಗಳ ಬಣ್ಣವೇ ಮೂಲವೆಂದು 1904ರಲ್ಲಿಯೇ ತೋರಿಸಿಕೊಟ್ಟರು. ಮಕ್ಕಳ ಕೈಗೆಟುಕುವ ಸ್ಥಳಗಳಲ್ಲಿ ಸೀಸದ ಬಣ್ಣ ಬಳಿಯುವುದನ್ನು ಕ್ವೀನ್ಸ್‌ಲ್ಯಾಂಡ್ ರಾಜ್ಯವು 1922ರಲ್ಲಿ ನಿಷೇಧಿಸಿತು. ಅಮೆರಿಕ ದೇಶವು ಮನೆಬಳಕೆಯ ಬಣ್ಣದಲ್ಲಿ ಅದನ್ನು ನಿಷೇಧಿಸಿದ್ದು 1978ರಲ್ಲಿ.

ಬಣ್ಣವೊಂದೇ ಕಾರಣವೆಂದೂ ತಿಳಿಯಬಾರದು. ಮನೆಯ ಮುಂಭಾಗದಲ್ಲಿ ಬ್ಯಾಟರಿ ದುರಸ್ತಿ ನಡೆಯುತ್ತಿದ್ದರೆ, ಸೀಸ ಬೆರೆತ ತವರದಿಂದ ಪಾತ್ರೆಗಳಿಗೆ ಕಲಾಯಿ ಹಾಕಿಸಿದ್ದರೆ, ಬೆಸುಗೆಯ ಕೆಲಸ ಮಾಡಿದವನು ಅದೇ ಬಟ್ಟೆಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಂಡರೆ, ಆ ದಾರಿಯಿಂದಲೂ ಸೀಸ ಮನೆ ಸೇರುತ್ತದೆ.

ಮಗುವಿನ ದೇಹದಲ್ಲಿ ಆಗುವುದೇನು

ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಿನ ಭಾಗವನ್ನು ಎಳೆಯ ಮಕ್ಕಳ ದೇಹ ಹೀರಿಕೊಳ್ಳಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಬ್ಬಿಣಾಂಶದ ಕೊರತೆಯಿದ್ದರೆ ಈ ಪ್ರಮಾಣ ಇನ್ನೂ ಏರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65ಕ್ಕೂ ಹೆಚ್ಚು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು ಎಂಬುದನ್ನು ಇದರೊಡನೆ ಸೇರಿಸಿ ನೋಡಬೇಕು.

ರಕ್ತದಿಂದ ಸೀಸವು ಮಿದುಳಿಗೂ ಎಲುಬಿಗೂ ಸೇರುತ್ತದೆ. ಅಲ್ಪ ಪ್ರಮಾಣದಲ್ಲಿ ಜ್ವರವಿಲ್ಲ, ನೋವಿಲ್ಲ. ಮಗು ಪಾಠದಲ್ಲಿ ಹಿಂದುಳಿಯುತ್ತದೆ, ಗಮನ ನಿಲ್ಲದು, ಸಿಡುಕು ಹೆಚ್ಚುತ್ತದೆ. ಹೆತ್ತವರು ಅದನ್ನು ಮೊಂಡುತನವೆನ್ನುತ್ತಾರೆ, ಶಾಲೆಯವರು ದಡ್ಡತನವೆನ್ನುತ್ತಾರೆ. ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದು ಗೊತ್ತಾಗಿಲ್ಲವೆಂದೇ ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಕಂಡುಬಂದರೆ ಅದರ ಮೂಲವನ್ನು ಹುಡುಕಿ ತಡೆಯಬೇಕೆಂದು ಅದು 2021ರಲ್ಲಿ ಸೂಚಿಸಿತು.

ಔಷಧಿಯಿಂದ ಹೋದದ್ದನ್ನು ಮರಳಿ ಪಡೆಯಬಹುದೆಂಬ ಭರವಸೆಯೂ ಇಲ್ಲ. 20ರಿಂದ 44 ಮೈಕ್ರೋಗ್ರಾಂ ಮಟ್ಟದ 780 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಔಷಧಿಯು ರಕ್ತದ ಸೀಸವನ್ನು ತಗ್ಗಿಸಿತೇ ಹೊರತು ಮಕ್ಕಳ ಬುದ್ಧಿಶಕ್ತಿಯನ್ನು ಸುಧಾರಿಸಲಿಲ್ಲ. ಹಾಗಾಗಿ ಮಗುವಿಗೆ ಚಿಕಿತ್ಸೆ ಕೊಡಿಸುವುದಕ್ಕಿಂತ ಮನೆಗೆ ಚಿಕಿತ್ಸೆ ಮಾಡಿಸುವುದು ಮುಖ್ಯವಾಗುತ್ತದೆ.

ಬೆಂಗಳೂರಿನಿಂದ ಬಂದ ಎಚ್ಚರಿಕೆ

ಈ ವಿಷಯದಲ್ಲಿ ದೇಶಕ್ಕೆ ಎಚ್ಚರಿಕೆ ಕೊಟ್ಟದ್ದು ಕರ್ನಾಟಕವೇ ಎಂಬುದು ಹೆಮ್ಮೆಯ ಸಂಗತಿ. ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನವು ದೇಶದ ಪ್ರಮುಖ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿ, 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸವು 10 ಮೈಕ್ರೋಗ್ರಾಂ ಮಿತಿಯನ್ನು ಮೀರಿದೆಯೆಂದು 1999ರಲ್ಲಿ ತಿಳಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನವೂ ನಡೆಯಿತು. ಸಂತ ಜಾನ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರ ಮುಂದಾಳತ್ವದಲ್ಲಿ ಸೀಸವಿಷಕ್ಕಾಗಿ ರಾಷ್ಟ್ರೀಯ ಪರಾಮರ್ಶನ ಕೇಂದ್ರ ರೂಪುಗೊಂಡಿತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಗೆ ಬಂದಿತು.

ಪೆಟ್ರೋಲಿನಿಂದ ಸೀಸ ಹೋಯಿತು, ಬಣ್ಣದಿಂದ ಹೋಗಲಿಲ್ಲ. ವೆಂಕಟೇಶ್ ಅವರೂ ಭಾಗಿಯಾಗಿ 2006ರಲ್ಲಿ ಪ್ರಕಟವಾದ ಏಷ್ಯಾದ ದೇಶಗಳ ಅಧ್ಯಯನದಲ್ಲಿ, ಭಾರತವೂ ಸೇರಿದಂತೆ ನಿಯಂತ್ರಣವಿಲ್ಲದ ದೇಶಗಳ ಹೊಸ ಮನೆಬಣ್ಣಗಳ ಮಾದರಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಅಂದಿನ ಅಮೆರಿಕದ ಮಿತಿಯನ್ನು ಮೀರಿದ್ದವು. ಅಂದು ಹಚ್ಚಿದ ಬಣ್ಣ ಇಂದಿನ ಬಾಗಿಲುಗಳ ಮೇಲೆ, ಹೊಸ ಪದರಗಳ ಅಡಿಯಲ್ಲಿ, ಇನ್ನೂ ಇದೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಪ್ರಕಟಿಸಿದ ವರದಿಯು ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿದೆಯೆಂದೂ, ಅವರಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳು ಭಾರತದವರೆಂದೂ ಅಂದಾಜು ಮಾಡಿತು.

ಕಾನೂನಿನ ನೆಲೆ

ಪರಿಸರ ಸಂರಕ್ಷಣಾ ಅಧಿನಿಯಮದಡಿ ಕೇಂದ್ರ ಸರ್ಕಾರವು 2016ರ ನವೆಂಬರ್ 1ರಂದು ನಿಯಮಗಳನ್ನು ಪ್ರಕಟಿಸಿತು. ಅದರಂತೆ ಒಂದು ವರ್ಷದ ನಂತರ, ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸವು 90 ಪಿಪಿಎಂ ಮೀರುವಂತಿಲ್ಲ. ಅಂದರೆ ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂ ಮಾತ್ರ. ಈ ಮಿತಿಯನ್ನು ಡಬ್ಬಿಯ ಮೇಲೆ ನಮೂದಿಸಬೇಕು. ಹಳೆಯ ದಾಸ್ತಾನು ಮಾರಲು ಕೊಟ್ಟಿದ್ದ ಕಾಲಾವಕಾಶವೂ 2019ಕ್ಕೆ ಮುಗಿದಿದೆ. ಆದರೆ ಕೈಗಾರಿಕಾ ಬಣ್ಣಗಳು ಈ ನಿಯಮದ ಹೊರಗಿವೆ. ಯಂತ್ರಕ್ಕೋ ವಾಹನಕ್ಕೋ ಮೀಸಲಾದ ಬಣ್ಣವನ್ನು ಅಗ್ಗವೆಂದೋ ಬಾಳಿಕೆ ಬರುವುದೆಂದೋ ಮನೆಯ ಸರಳಿಗೆ ಹಚ್ಚಿದರೆ ನಿಯಮದ ಉದ್ದೇಶವೇ ವಿಫಲವಾಗುತ್ತದೆ.

ಈಗಾಗಲೇ ಗೋಡೆ ಬಾಗಿಲುಗಳ ಮೇಲಿರುವ ಹಳೆಯ ಬಣ್ಣದ ಬಗ್ಗೆ ಈ ನಿಯಮ ಮಾತನಾಡುವುದಿಲ್ಲ. ಅಲ್ಲಿ ನೆರವಿಗೆ ಬರುವುದು ಸಾಮಾನ್ಯ ಬಾಡಿಗೆ ಕಾನೂನು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣದ ಪ್ರಕಾರ, ಬಾಡಿಗೆದಾರನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾರದ, ಮಾಲೀಕನಿಗೆ ಮಾತ್ರ ತಿಳಿದಿರುವ ಮಹತ್ವದ ದೋಷವನ್ನು ಮಾಲೀಕನು ತಿಳಿಸತಕ್ಕದ್ದು. 2021ರಲ್ಲಿ ಕೇಂದ್ರ ಸಚಿವ ಸಂಪುಟ ಅಂಗೀಕರಿಸಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯಿದೆಯು, ಬೇರೆ ಕರಾರು ಇಲ್ಲದಿದ್ದಲ್ಲಿ, ಗೋಡೆಗೆ ಸುಣ್ಣ ಮತ್ತು ಬಾಗಿಲು ಕಿಟಕಿಗಳಿಗೆ ಬಣ್ಣ ಮಾಡಿಸುವುದನ್ನು ಮಾಲೀಕನ ಪಾಲಿಗೆ ಸೇರಿಸಿದೆ.

ಹೊಣೆ ಯಾರ ಮೇಲೆ?

ಇಲ್ಲಿ ಪ್ರತಿಯೊಬ್ಬರಿಗೂ ಇನ್ನೊಬ್ಬರತ್ತ ಬೆರಳು ತೋರಿಸಲು ಕಾರಣಗಳುಂಟು. ಮಗು ಬಾಡಿಗೆದಾರನದು, ನೆಲ ಒರೆಸುವುದು ಅವನ ಕೆಲಸ ಎಂದು ಮಾಲೀಕ ಹೇಳಬಹುದು. ಎರಡು ವರ್ಷದಲ್ಲಿ ಬಿಟ್ಟುಹೋಗುವ ಮನೆಗೆ ಕೈಯಿಂದ ಹಣ ಏಕೆ ಹಾಕಬೇಕೆಂದು ಬಾಡಿಗೆದಾರ ಕೇಳಬಹುದು. ಡಬ್ಬಿಯಲ್ಲಿ ಏನಿದೆಯೆಂದು ತಾನು ಬಲ್ಲೆನೇ ಎಂದು ಅಂಗಡಿಯವನು, ಮಾಲೀಕ ಹೇಳಿದ ಬಣ್ಣ ಬಳಿದೆನೆಂದು ಪೇಂಟರು ನುಡಿಯಬಹುದು. ಈ ಮಾತುಗಳಲ್ಲಿ ಸುಳ್ಳಿಲ್ಲ. ಆದರೆ ಇವೆಲ್ಲವನ್ನೂ ಕೂಡಿಸಿದರೆ ಮಗುವಿನ ಪಾಲಿಗೆ ಯಾರೂ ಉಳಿಯುವುದಿಲ್ಲ.

ಮಾಲೀಕರ ಕಷ್ಟವನ್ನೂ ಅಲ್ಲಗಳೆಯಲಾಗದು. ಎರಡು ಮನೆಗಳ ಬಾಡಿಗೆಯನ್ನೇ ನಂಬಿದ ನಿವೃತ್ತರು, ವಿಧವೆಯರು ಇದ್ದಾರೆ. ಮನೆಯ ಎಲ್ಲ ಬಾಗಿಲುಗಳನ್ನೂ ಬದಲಿಸಬೇಕೆಂದು ಅವರಿಗೆ ವಿಧಿಸಿದರೆ ಆ ಹೊರೆ ಬಾಡಿಗೆಯ ಏರಿಕೆಯಾಗಿ ಬಡವರ ಮೇಲೆಯೇ ಬೀಳುತ್ತದೆ. ಮಕ್ಕಳಿರುವ ಕುಟುಂಬಕ್ಕೆ ಮನೆಯನ್ನೇ ಕೊಡದಿರುವ ಚಾಳಿಗೂ ದಾರಿಯಾದೀತು. ತಿಳಿದ ದೋಷವನ್ನು ತಿಳಿಸಬೇಕೆಂಬ ಕಾನೂನಿಗೂ ಒಂದು ಮಿತಿಯುಂಟು: ಪರೀಕ್ಷಿಸದವನಿಗೆ ತಿಳಿಯುವುದಿಲ್ಲ, ತಿಳಿಯದವನು ತಿಳಿಸಬೇಕಾಗಿಲ್ಲ. ಹಾಗಾದಾಗ ಅಜ್ಞಾನವೇ ಲಾಭದಾಯಕವಾಗಿಬಿಡುತ್ತದೆ.

ಅಮೆರಿಕದ ರೋಚೆಸ್ಟರ್ ನಗರವು ಈ ತೊಡಕಿಗೆ ಒಂದು ಉತ್ತರ ಕಂಡುಕೊಂಡಿತು. 2005ರಲ್ಲಿ ಅಂಗೀಕರಿಸಿ 2006ರಲ್ಲಿ ಜಾರಿಗೆ ತಂದ ಅಲ್ಲಿನ ಸ್ಥಳೀಯ ಶಾಸನವು, ಬಾಡಿಗೆ ಮನೆಗಳಿಗೆ ಹೇಗೂ ನಡೆಯುತ್ತಿದ್ದ ತಪಾಸಣೆಯಲ್ಲಿಯೇ ಉದುರುವ ಬಣ್ಣವನ್ನೂ ಧೂಳನ್ನೂ ನೋಡುವಂತೆ ವಿಧಿಸಿತು. ಮಗುವಿನ ರಕ್ತದಲ್ಲಿ ಸೀಸ ಕಂಡ ಮೇಲಲ್ಲ, ಅದಕ್ಕೆ ಮೊದಲೇ ಮನೆಯನ್ನು ನೋಡುವುದು ಇದರ ತಿರುಳು. ಸೀಸವನ್ನೆಲ್ಲ ಕಿತ್ತು ತೆಗೆಯಬೇಕೆಂದು ಅದು ಕೇಳಲಿಲ್ಲ, ಅಪಾಯವನ್ನು ಹದ್ದಿನಲ್ಲಿಡಬೇಕೆಂದು ಕೇಳಿತು.

ಇದರಿಂದ ಒಂದು ಸೂತ್ರ ದೊರೆಯುತ್ತದೆ. ಯಾವ ಘಟ್ಟದಲ್ಲಿ ಯಾರು ಅತಿ ಕಡಿಮೆ ವೆಚ್ಚದಲ್ಲಿ ಅಪಾಯವನ್ನು ತಡೆಯಬಲ್ಲರೋ ಆ ಘಟ್ಟದ ಹೊಣೆ ಅವರದು. ಹೊಸ ಬಣ್ಣದ ಹೊಣೆ ತಯಾರಕ ಮತ್ತು ಮಾರಾಟಗಾರನದು. ಹಳೆಯ ಬಣ್ಣದ ಹೊಣೆ ಮಾಲೀಕನದು. ಅದನ್ನು ನಿರ್ವಹಿಸಲು ತಕ್ಕ ಕಾಲ ಒಬ್ಬ ಬಾಡಿಗೆದಾರ ಬಿಟ್ಟು ಇನ್ನೊಬ್ಬ ಬರುವ ನಡುವಿನ ಖಾಲಿ ದಿನಗಳು. ಕೆಲಸದ ರೀತಿಯ ಹೊಣೆ ಪೇಂಟರದು. ದಿನನಿತ್ಯದ ಸ್ವಚ್ಛತೆ ಮತ್ತು ಬಣ್ಣ ಉದುರುತ್ತಿರುವುದನ್ನು ತಿಳಿಸುವ ಹೊಣೆ ಬಾಡಿಗೆದಾರನದು. ಹಾಗೆ ತಿಳಿಸಿದವನನ್ನು ಮನೆ ಬಿಡಿಸದಿರುವುದು ಮಾಲೀಕನ ಧರ್ಮ. ಸ್ಥಳೀಯ ಸಂಸ್ಥೆ ಮತ್ತು ಆರೋಗ್ಯ ಇಲಾಖೆಗಳು ಮೇಲ್ವಿಚಾರಣೆಗೆ ಇರಬೇಕೇ ವಿನಾ ಅವರ ಬರವಿಗಾಗಿ ಉಳಿದವರು ಕಾಯಬೇಕಾಗಿಲ್ಲ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಬಣ್ಣದ ವ್ಯಾಪಾರಿಗಳು 90 ಪಿಪಿಎಂ ಮಿತಿಯ ನಮೂದು, ತಯಾರಕನ ವಿಳಾಸ ಮತ್ತು ತಯಾರಿಕೆಯ ದಿನಾಂಕವಿಲ್ಲದ ಡಬ್ಬಿಯನ್ನು ದಾಸ್ತಾನಿಗೆ ತೆಗೆದುಕೊಳ್ಳಬಾರದು. ಕೈಗಾರಿಕಾ ಬಣ್ಣ ಕೇಳುವ ಗ್ರಾಹಕನನ್ನು ಅದು ಯಾವುದಕ್ಕೆಂದು ವಿಚಾರಿಸಬೇಕು.

2. ಸಣ್ಣ ತಯಾರಕರು ಸೀಸದ ಕ್ರೋಮೇಟಿಗೆ ಬದಲಾಗಿ ಸಾವಯವ ವರ್ಣದ್ರವ್ಯ ಅಥವಾ ಕಬ್ಬಿಣದ ಆಕ್ಸೈಡನ್ನು, ಸೀಸದ ಡ್ರೈಯರಿಗೆ ಬದಲಾಗಿ ಜಿರ್ಕೋನಿಯಂ, ಕ್ಯಾಲ್ಸಿಯಂ ಸಂಯುಕ್ತಗಳನ್ನು ಬಳಸಬಹುದು. ಕಚ್ಚಾವಸ್ತು ಪೂರೈಸುವವರಿಂದ ಪರೀಕ್ಷಾ ಪ್ರಮಾಣಪತ್ರ ಪಡೆಯುವುದು ಲೇಸು.

3. ಗ್ರಿಲ್ ತಯಾರಿಸುವವರು ಕೆಂಪು ಸೀಸದ ಪ್ರೈಮರನ್ನು ಬಿಟ್ಟು ಜಿಂಕ್ ಫಾಸ್ಫೇಟ್ ಪ್ರೈಮರನ್ನು ಬಳಸಬೇಕು.

4. ಮನೆಯ ಮಾಲೀಕರು ಮನೆ ಖಾಲಿಯಾದಾಗ ಬಾಗಿಲು, ಕಿಟಕಿ, ಸರಳುಗಳನ್ನು ನೋಡಬೇಕು. ಗಟ್ಟಿಯಾಗಿರುವ ಹಳೆಯ ಬಣ್ಣವನ್ನು ಕೆದಕದೆ ಅದರ ಮೇಲೆಯೇ ಹೊಸ ಬಣ್ಣ ಬಳಿಸಬಹುದು. ಉಜ್ಜುವ ಅಂಚುಗಳ ಬಾಗಿಲನ್ನು ಸಡಿಲಗೊಳಿಸಬೇಕು.

5. ಬಣ್ಣ ತೆಗೆಯಲೇಬೇಕಾದಲ್ಲಿ ನೀರು ಚಿಮುಕಿಸಿ, ತೇವವಾಗಿಯೇ ಉಜ್ಜಬೇಕು. ಬ್ಲೋಲ್ಯಾಂಪಿನಿಂದ ಸುಡಬಾರದು. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಉದುರಿದ್ದನ್ನು ಮಡಿಚಿ ತೆಗೆದು, ನೆಲವನ್ನು ಒದ್ದೆ ಬಟ್ಟೆಯಿಂದ ಎರಡು ಬಾರಿ ಒರೆಸಬೇಕು. ಮಕ್ಕಳೂ ಗರ್ಭಿಣಿಯರೂ ಕೆಲಸ ಮುಗಿಯುವವರೆಗೆ ಅಲ್ಲಿರಕೂಡದು. ಹಳೆಯ ಬಾಗಿಲುಗಳನ್ನು ಕೊಂಡು ಮಾರುವವರಿಗೂ ಈ ಮಾತು ಅನ್ವಯಿಸುತ್ತದೆ.

6. ಬ್ಯಾಟರಿ ಅಥವಾ ಸೀಸದ ಕೆಲಸಕ್ಕೆ ಮಳಿಗೆ ಕೊಡುವಾಗ ಅದೇ ಕಟ್ಟಡದಲ್ಲಿ ಸಂಸಾರವಿರದಂತೆ ಕರಾರಿನಲ್ಲಿಯೇ ಬರೆಯಬೇಕು.

ಈ ಕ್ರಮಗಳಲ್ಲಿ ಹೆಚ್ಚಿನವು ಹೇಗೂ ಮಾಡಿಸುವ ಸುಣ್ಣ ಬಣ್ಣದ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿಸುವುದಷ್ಟೇ. ಒಂದು ಬಕೆಟ್ ನೀರು, ಒಂದು ಹಾಸು, ಪೇಂಟರ ಅರ್ಧ ದಿನದ ಹೆಚ್ಚಿನ ಕೂಲಿ ಇದಕ್ಕೆ ತಗಲುವ ಖರ್ಚು. ಮಾಡಿಸದಿದ್ದಲ್ಲಿ ಆಗುವ ನಷ್ಟ ಮಾಲೀಕನ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ. ಅದು ಬಾಡಿಗೆದಾರನ ಮಗುವಿನ ಕಲಿಕೆಯಲ್ಲಿ, ಮುಂದೆ ಅದರ ದುಡಿಮೆಯಲ್ಲಿ ಕಾಣುತ್ತದೆ. ಇನ್ನೊಬ್ಬರ ಖಾತೆಗೆ ಬೀಳುವ ಖರ್ಚನ್ನು ಉಳಿತಾಯವೆಂದು ಎಣಿಸುವುದು ಒಳ್ಳೆಯ ವರ್ತಕನ ಲೆಕ್ಕವಲ್ಲ.