ನಿಧಾನ ಹೊಡೆಯುವುದನ್ನು ಮೊದಲು ಕಲಿ

ಪ್ರೀತಿಯ ತಮ್ಮಾ,

ಕೆಎ-49 ನಂಬರಿನ ಹೊಸ ಗಾಡಿ ಮನೆಗೆ ಬಂತೆಂದು ಕೇಳಿ ಸಂತೋಷವಾಯಿತು. ಜೋರು ಹೊಡೆಯಬೇಡ ಎಂದು ನಿನಗೆ ಎಲ್ಲರೂ ಹೇಳಿರುತ್ತಾರೆ. ಅವರು ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ: ಗಾಡಿ ನಿಧಾನವಿದ್ದಾಗಲೂ ಬೀಳುತ್ತದೆ, ಹೆಚ್ಚಾಗಿ ತಿರುವಿನಲ್ಲಿ. ವೇಗವಿದ್ದಾಗ ಓಟವೇ ಗಾಡಿಯನ್ನು ನೆಟ್ಟಗೆ ಹಿಡಿದಿರುತ್ತದೆ. ನಡಿಗೆಯ ವೇಗಕ್ಕೆ ಇಳಿದರೆ ಆ ಕೆಲಸ ನಿನ್ನ ಪಾಲಿಗೆ ಬರುತ್ತದೆ.

ಬೀಳಿಸುವ ತಪ್ಪುಗಳು ಮೂರು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿಯುವುದು, ಹೆದರಿ ಕ್ಲಚ್ ಪೂರ್ತಿ ಒತ್ತಿಬಿಡುವುದು, ಮುಂದಿನ ಗಾಲಿಯನ್ನೇ ನೋಡುವುದು. ಆದ್ದರಿಂದ ಹ್ಯಾಂಡಲ್ ನೆಟ್ಟಗಿರುವಾಗಲೇ ವೇಗ ಇಳಿಸಿ ಒಂದನೇ ಗೇರಿಗೆ ಬಾ. ಕ್ಲಚ್ ಅರ್ಧ ಹಿಡಿದು, ಎಕ್ಸಲರೇಟರ್ ಒಂದೇ ಸಮ ಇಟ್ಟು, ಹಿಂದಿನ ಬ್ರೇಕಿನಿಂದ ವೇಗ ಹದಮಾಡು. ಗಾಡಿ ಒಳಕ್ಕೆ ವಾಲಿದರೆ ಮೈ ತುಸು ಹೊರಕ್ಕಿರಲಿ. ಎಲ್ಲಿಗೆ ಹೋಗಬೇಕೋ ಅಲ್ಲಿ ಕಣ್ಣಿಡು. ಇನ್ನೊಂದು ಮಾತು: 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಬೈಕುಗಳಿಗೆ ಎರಡೂ ಬ್ರೇಕ್ ಕೂಡಿಸುವ ಸಿಬಿಎಸ್ ಇಲ್ಲವೇ ಗಾಲಿ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಸಿಬಿಎಸ್ ಗಾಡಿಯಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಅಷ್ಟಿಷ್ಟು ಹಿಡಿಯುತ್ತದೆ. ಹಾಗಾಗಿ ತಿರುವಿನಲ್ಲಿ ಹಿಂದಿನ ಬ್ರೇಕನ್ನೂ ಹಗುರಾಗಿಯೇ ಒತ್ತಬೇಕು.

ನಮ್ಮ ಕಡೆಯ ರಸ್ತೆಗಳಿಗೆ ಈ ವಿದ್ಯೆ ಬೇಕೇ ಬೇಕು. ಗೋಕಾಕ ಫಾಲ್ಸಿನ ಗುಡ್ಡದ ತಿರುವುಗಳಲ್ಲಿ ಉಸುಕು, ಖಡಿ ಇದ್ದರೆ ಮೊದಲೇ ನಿಧಾನವಾಗು. ಕಬ್ಬು ನುರಿಸುವ ಹಂಗಾಮಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಾಗಲಿ, ಸಂಕೇಶ್ವರದ ಫ್ಯಾಕ್ಟರಿ ಕಡೆಗಾಗಲಿ, ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ತಿರುಗುವಾಗ ಅದರ ಒಳಮಗ್ಗುಲಿಗೆ ಎಂದೂ ನುಗ್ಗಬೇಡ. ಹಿಂದಿನ ಟ್ರೇಲರ್ ಇಂಜಿನ್ನಿಗಿಂತ ಒಳಗೆ ಸರಿದು ಬರುತ್ತದೆ. ರಸ್ತೆಗೆ ಬಿದ್ದ ಕಬ್ಬಿನ ರವದಿ, ಹೊಲದಿಂದ ಗಾಲಿಗೆ ಹತ್ತಿ ಬಂದ ಎರಿಮಣ್ಣಿನ ರಾಡಿ ಎರಡೂ ಜಾರುತ್ತವೆ. ಧುಪದಾಳದಿಂದ ಮೂಡಲಗಿ ಕಡೆ ಹೋಗುವ ಕಾಲುವೆ ದಂಡೆಯ ಮೇಲೆ ಗಾಡಿ ತಿರುಗಿಸಬೇಕಾದರೆ ಇಳಿದು, ದೂಡಿ ತಿರುಗಿಸು. ಹುಕ್ಕೇರಿಯ ಸಂತೆಯ ಗದ್ದಲದಲ್ಲೂ ಅಷ್ಟೇ. ಇಳಿಯುವುದರಲ್ಲಿ ನಾಚಿಕೆಯಿಲ್ಲ. ಹಾಲಿನ ಕ್ಯಾನು, ಮೇವಿನ ಹೊರೆ ಕಟ್ಟಿದ್ದರೆ ತಿರುವನ್ನು ಇನ್ನಷ್ಟು ಅಗಲ ತೆಗೆದುಕೊ.

ಇಷ್ಟಾದರೂ ಗಾಡಿ ವಾಲಿ ಕೈ ಮೀರಿತೆಂದರೆ ಬಿಟ್ಟುಬಿಡು. ನೂರು ಸಿಸಿ ಗಾಡಿಯೂ ನೂರು ಕಿಲೋ ಆಸುಪಾಸು ತೂಗುತ್ತದೆ. ಅದನ್ನು ಕಾಲಿನಿಂದ ತಡೆಯಹೋದರೆ ಪಾದ ಮುರಿಯಬಹುದು, ಸೈಲೆನ್ಸರ್ ಮೀನಖಂಡ ಸುಡಬಹುದು. ಗೀಚಿದ ಟಾಕಿಗೆ ಬಣ್ಣ ಹಚ್ಚಿಸಬಹುದು. ಬಿದ್ದ ಮೇಲೆ ಮೊದಲು ಚಾವಿ ತಿರುವಿ ಇಂಜಿನ್ ಆರಿಸು, ಹಿಂದೆ ಮುಂದೆ ವಾಹನ ನೋಡು, ಪೆಟ್ರೋಲ್ ಸೋರಿದ್ದರೆ ಬೀಡಿ, ಬೆಂಕಿ ಹತ್ತಿರ ಬಿಡಬೇಡ. ಗಾಡಿ ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ತೆಗೆ. ಇಳಿಜಾರಿದ್ದರೆ ಗೇರಿನಲ್ಲಿಡು. ಬೆನ್ನು ಬಾಗಿಸದೆ ಮೊಣಕಾಲು ಮಡಚಿ ಎತ್ತು. ಯಾರಾದರೂ ಕೈಗೂಡಿಸಲು ಬಂದರೆ ಬೇಡ ಎನ್ನಬೇಡ.

ಲೈಸೆನ್ಸಿಗೆ ಎಂಟರ ಆಕಾರದಲ್ಲಿ ಗಾಡಿ ಹೊಡೆಸುವುದು ಇದೇ ವಿದ್ಯೆಯ ಪರೀಕ್ಷೆ. ಪಾಸಾದ ಮರುದಿನ ಅದನ್ನು ಮರೆಯುವವರೇ ಹೆಚ್ಚು. ನೀನು ಹಾಗೆ ಮಾಡಬೇಡ. ರವಿವಾರ ಬೆಳಿಗ್ಗೆ ಊರ ಸಾಲಿ ಮೈದಾನದಲ್ಲಿ ಎರಡು ಕಲ್ಲಿಟ್ಟು, ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಕಾಲು ನೆಲಕ್ಕೆ ಹಚ್ಚದೆ ಎಡಕ್ಕೂ ಬಲಕ್ಕೂ ತಿರುಗಿಸಿ ರೂಢಿಮಾಡಿಕೊ. ಅದು ಕೈಗೆ ಕುಳಿತ ಮೇಲಷ್ಟೇ ನಿಮ್ಮ ಅವ್ವನನ್ನು ಹಿಂದೆ ಕೂರಿಸಿಕೊ.

ಇಂತಿ,
ನಿನ್ನ ಕಾಕಾ