ಕಟ್ಟಿಸಿದ ಹಲ್ಲೂ ಹುಟ್ಟಿದ ಹಲ್ಲೂ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬುದು ನಮ್ಮ ಹಳೆಯ ಗಾದೆ. ಆದರೆ ಮುಪ್ಪು ಎಲ್ಲರ ಬಾಯನ್ನೂ ಒಂದೇ ಸಲಕ್ಕೆ ಬರಿದುಮಾಡುವುದಿಲ್ಲ. ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಂತಹ ಊರಿನಲ್ಲಾಗಲಿ, ಬೆಂಗಳೂರಿನಂತಹ ನಗರದಲ್ಲಾಗಲಿ, ಮೇಲಿನ ಹಲ್ಲುಗಳೆಲ್ಲ ಹೋಗಿ ಕೆಳದವಡೆಯ ಮುಂಭಾಗದಲ್ಲಿ ಮಾತ್ರ ಐದಾರು ಹಲ್ಲುಗಳು ನಿಂತಿರುವ ಹಿರಿಯರು ಅಪರೂಪವಲ್ಲ. ಇಂಥವರು ಹಲ್ಲು ಕಟ್ಟಿಸಲು ಹೊರಟಾಗ ನೆರೆಹೊರೆಯಿಂದ ಎರಡು ಬಗೆಯ ಸಲಹೆಗಳು ಬರುತ್ತವೆ. “ಉಳಿದವನ್ನೂ ಕೀಳಿಸಿಬಿಡಿ, ಪೀಡೆ ಕಳೆಯುತ್ತದೆ” ಎಂಬುದು ಒಂದು. “ಕೆಳಗೆ ಹಲ್ಲಿವೆಯಲ್ಲ, ಮೇಲಿನ ಸೆಟ್ಟು ಒಂದಿದ್ದರೆ ಸಾಕು” ಎಂಬುದು ಇನ್ನೊಂದು. ಇವೆರಡನ್ನೂ ಆತುರದಲ್ಲಿ ಒಪ್ಪಿಕೊಳ್ಳುವುದು ಏಕೆ ಸರಿಯಲ್ಲವೆಂಬುದನ್ನು ಇಲ್ಲಿ ವಿಚಾರಿಸೋಣ.

ಎರಡು ಬಗೆಯ ಆಸರೆ

ಹುಟ್ಟಿದ ಹಲ್ಲು ನೆಲದಲ್ಲಿ ಹೂತ ಗೂಟವಿದ್ದಂತೆ. ಅದರ ಬೇರು ದವಡೆಯ ಎಲುಬಿನ ಗೂಡಿನಲ್ಲಿ ಕುಳಿತಿದೆ. ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರಿನಷ್ಟು ತೆಳುವಾದ ನಾರುಗಳ ಪದರವೊಂದಿದೆ. ನಾವು ಅಗಿಯುವಾಗ ಹಲ್ಲಿನ ಮೇಲೆ ಬೀಳುವ ಭಾರವನ್ನು ಈ ನಾರುಗಳು ಎಳೆತವನ್ನಾಗಿ ಮಾರ್ಪಡಿಸಿ ಎಲುಬಿಗೆ ಹಂಚುತ್ತವೆ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕಿದೊಡನೆ ದವಡೆ ತಾನಾಗಿಯೇ ನಿಲ್ಲುವುದು ಈ ಪದರದಲ್ಲಿರುವ ನರಗಳ ಎಚ್ಚರದಿಂದ.

ಕಟ್ಟಿಸಿದ ದಂತಪಂಕ್ತಿಗೆ ಬೇರೂ ಇಲ್ಲ, ನಾರೂ ಇಲ್ಲ. ಅದು ಒದ್ದೆ ಮಣ್ಣಿನ ಮೇಲಿಟ್ಟ ಚಪ್ಪಡಿಯಂತೆ ಮೆತ್ತನೆಯ ಒಸಡಿನ ಮೇಲೆ ಕುಳಿತಿರುತ್ತದೆ. ಒಂದು ದವಡೆಯ ಎಲ್ಲ ಹಲ್ಲುಗಳ ನಾರಿನ ಪದರವನ್ನು ಬಿಡಿಸಿ ಹರಡಿದರೆ ಸುಮಾರು 45 ಚದರ ಸೆಂಟಿಮೀಟರು ಆಗುತ್ತದೆ. ಮೇಲಿನ ದಂತಪಂಕ್ತಿಗೆ ದೊರೆಯುವ ಆಸರೆಯಾದರೋ ಸುಮಾರು 23 ಚದರ ಸೆಂಟಿಮೀಟರು. ಕೆಳಗಿನದಕ್ಕೆ ಸುಮಾರು 12 ಮಾತ್ರ. ಆದುದರಿಂದಲೇ ಎರಡು ದವಡೆಗಳಲ್ಲೂ ಹಲ್ಲು ಕಟ್ಟಿಸಿಕೊಂಡವರ ಕಚ್ಚುವ ಬಲವು ಸ್ವಂತ ಹಲ್ಲುಳ್ಳವರ ಬಲದ ನಾಲ್ಕನೆಯ ಅಥವಾ ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ಎರಡೂ ಪಂಕ್ತಿಗಳು ಕೃತಕವಾಗಿದ್ದರೆ ಇಬ್ಬರು ದುರ್ಬಲರ ನಡುವೆ ಒಂದು ಬಗೆಯ ರಾಜಿ ಏರ್ಪಡುತ್ತದೆ. ಒಂದು ಕಡೆ ಹುಟ್ಟಿದ ಹಲ್ಲೂ ಇನ್ನೊಂದು ಕಡೆ ಕಟ್ಟಿಸಿದ ಹಲ್ಲೂ ಇದ್ದಾಗ ಮಾತ್ರ ಅದು ಸಮಬಲದ ಹೋರಾಟವಲ್ಲ.

ಏತದಂತೆ ಏಳುವ ಪಂಕ್ತಿ

ಮೇಲಿನ ದಂತಪಂಕ್ತಿಯು ಅಂಗುಳಕ್ಕೆ ಅಂಟಿಕೊಂಡಿರುವುದು ಜೊಲ್ಲಿನ ತೆಳುಪದರದಿಂದ ಮತ್ತು ಅಂಚಿನ ಸುತ್ತ ಗಾಳಿ ಒಳನುಗ್ಗದಂತಿರುವ ಬಿಗಿಯಿಂದ. ಕೆಳಗಿನ ದವಡೆಹಲ್ಲುಗಳಿಲ್ಲದವನು ಸಹಜವಾಗಿಯೇ ಮುಂದಿನ ಹಲ್ಲುಗಳಿಂದ ಅಗಿಯಲು ತೊಡಗುತ್ತಾನೆ. ಆ ಹಲ್ಲುಗಳು ಮೇಲಿನ ಪಂಕ್ತಿಯ ಮುಂಭಾಗವನ್ನು ಮೇಲಕ್ಕೆ ಒತ್ತಿದಾಗ, ಏತದ ಒಂದು ತುದಿ ಏರಿದರೆ ಇನ್ನೊಂದು ಇಳಿಯುವಂತೆ, ಅದರ ಹಿಂಭಾಗ ಕೆಳಕ್ಕೆ ಜಾರುತ್ತದೆ. ಬಿಗಿ ಕಳಚಿ ಪಂಕ್ತಿ ಅಲ್ಲಾಡುತ್ತದೆ. ಪ್ರತಿದಿನ, ಪ್ರತಿ ತುತ್ತಿಗೂ ನಡೆಯುವ ಈ ಒತ್ತಡದಿಂದ ಮೇಲ್ದವಡೆಯ ಮುಂಭಾಗದ ಎಲುಬು ಕ್ರಮೇಣ ಸವೆದು, ಅಲ್ಲಿ ಎಲುಬಿಲ್ಲದ ಜೋಲು ಒಸಡು ಮಾತ್ರ ಉಳಿಯುತ್ತದೆ.

1972ರಲ್ಲಿ ಅಮೆರಿಕದ ದಂತವೈದ್ಯ ಎಲ್ಸ್‌ವರ್ತ್ ಕೆಲಿ ಇಂತಹ ಬಾಯಿಗಳಲ್ಲಿ ಒಟ್ಟಾಗಿ ಕಾಣುವ ಐದು ಬದಲಾವಣೆಗಳನ್ನು ವಿವರಿಸಿದನು. ಮೇಲ್ದವಡೆಯ ಮುಂಭಾಗದ ಎಲುಬಿನ ಸವೆತ, ಅದೇ ದವಡೆಯ ಹಿಂದಿನ ಉಬ್ಬುಗಳ ಬೆಳವಣಿಗೆ, ಅಂಗುಳದ ಮೇಲೆ ಸಣ್ಣ ಸಣ್ಣ ಗುಳ್ಳೆಗಳಂತಹ ಮಾಂಸ, ಕೆಳಗಿನ ಮುಂದಿನ ಹಲ್ಲುಗಳು ಗೂಡಿನಿಂದ ಮೇಲೇಳುವುದು ಮತ್ತು ಕೆಳದವಡೆಯ ಹಿಂಭಾಗದಲ್ಲಿ ಬಿಡಿಪಂಕ್ತಿಯ ಕೆಳಗಿನ ಎಲುಬಿನ ಕ್ಷಯ, ಇವೇ ಆ ಐದು. ಎಲ್ಲರಲ್ಲೂ ಈ ಐದೂ ಕಾಣಬೇಕೆಂದಿಲ್ಲ. ಆದರೆ ಇವು ಬಹುಮಟ್ಟಿಗೆ ನೋವಿಲ್ಲದೆಯೇ ನಡೆಯುತ್ತವೆ, ಮೋಸವಿರುವುದು ಅಲ್ಲಿಯೇ. “ಸೆಟ್ಟು ಸ್ವಲ್ಪ ಸಡಿಲವಾಗಿದೆ” ಎಂದು ರೋಗಿ ಹೇಳುವ ಹೊತ್ತಿಗೆ ಎಲುಬು ಹೋಗಿರುತ್ತದೆ, ಹೋದ ಎಲುಬು ತಾನಾಗಿ ಮರಳಿ ಬೆಳೆಯದು.

ಹಾಗಾದರೆ ಕೀಳಿಸಬೇಕೆ?

ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ಎಲುಬು ಕರಗತೊಡಗುತ್ತದೆ. 1972ರಲ್ಲಿಯೇ ಪ್ರಕಟವಾದ ಆಂಟ್ಯೆ ಟಾಲ್‌ಗ್ರೆನ್ ಅವರ 25 ವರ್ಷಗಳ ಅಧ್ಯಯನದಲ್ಲಿ, ಎರಡೂ ಪಂಕ್ತಿಗಳನ್ನು ಧರಿಸಿದವರ ಕೆಳದವಡೆಯು ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಸವೆದುದು ಕಂಡುಬಂದಿತು. ಮೊದಲೇ ಆಸರೆ ಕಡಿಮೆಯಿರುವ ಕೆಳದವಡೆಯಲ್ಲಿ ಇನ್ನೂ ಗಟ್ಟಿಯಾಗಿರುವ ಹಲ್ಲುಗಳನ್ನು ಕೀಳಿಸುವುದೆಂದರೆ, ಇರುವ ಎಲುಬನ್ನೂ ಕಳೆದುಕೊಳ್ಳುವುದೆಂದೇ ಅರ್ಥ. ಹಲ್ಲಿನ ತಲೆ ಕೆಟ್ಟಿದ್ದರೂ ಬೇರು ಚೆನ್ನಾಗಿದ್ದರೆ, ಬೇರಿಗೆ ಚಿಕಿತ್ಸೆ ಮಾಡಿ ಅದನ್ನು ಹಾಗೆಯೇ ಉಳಿಸಿ ಅದರ ಮೇಲೆ ಪಂಕ್ತಿಯನ್ನು ಕೂರಿಸುವ ಕ್ರಮವೂ ಉಂಟು. ತೀರ ಅಲ್ಲಾಡುವ, ಕೀವು ತುಂಬಿದ ಹಲ್ಲುಗಳ ವಿಷಯ ಬೇರೆ.

ಇದಕ್ಕೆ ವಿಪರೀತವಾದ ಸ್ಥಿತಿ, ಎಂದರೆ ಮೇಲೆ ಸ್ವಂತ ಹಲ್ಲು, ಕೆಳಗೆ ಪೂರ್ಣ ಕೃತಕಪಂಕ್ತಿ, ಇನ್ನೂ ಕಷ್ಟದ್ದು. ಅಲ್ಲಿ ಕೆಳದವಡೆಯಲ್ಲಿ ಎರಡಾದರೂ ಬೇರುಗಳನ್ನು ಉಳಿಸಿಕೊಳ್ಳಲು, ಇಲ್ಲವೇ ಎಲುಬಿನಲ್ಲಿ ಟೈಟಾನಿಯಮ್ ಲೋಹದ ಕೃತಕ ಬೇರುಗಳನ್ನು ನೆಡಲು ವೈದ್ಯರು ಯತ್ನಿಸುತ್ತಾರೆ.

ವೈದ್ಯನ ಕೆಲಸ

ಎದುರು ಹಲ್ಲಿಲ್ಲದೆ ಬಹುಕಾಲ ನಿಂತ ಹಲ್ಲುಗಳು ಮೇಲೆದ್ದು ಅಂಕುಡೊಂಕಾಗಿರುತ್ತವೆ. ಮೊದಲು ಅವುಗಳ ಪಾಚಿಯನ್ನು ತೆಗೆದು, ಒಸಡನ್ನು ವಾಸಿಮಾಡಿ, ತುದಿಗಳನ್ನು ಸಮಮಾಡಬೇಕು. ಎರಡನೆಯದಾಗಿ, ಕೆಳಗಿನ ಹಿಂದಿನ ಹಲ್ಲುಗಳ ಜಾಗಕ್ಕೆ ಬಿಡಿಪಂಕ್ತಿಯನ್ನು ಕಟ್ಟಬೇಕು. “ಮೇಲಿನದೊಂದೇ ಸಾಕು” ಎಂದು ಬಹುಜನ ಬಿಟ್ಟುಬಿಡುವುದು ಇದನ್ನೇ; ಮೇಲ್ದವಡೆಯ ಎಲುಬನ್ನು ಕಾಯುವುದೂ ಇದೇ. ಬಾಯಿ ಮುಚ್ಚಿದಾಗ ಹಿಂದಿನ ಹಲ್ಲುಗಳು ಎರಡೂ ಕಡೆ ಏಕಕಾಲದಲ್ಲಿ ಕೂಡಬೇಕು, ಮುಂದಿನವು ಒತ್ತಿ ತಾಗಬಾರದು.

ಪಿಂಗಾಣಿಯ ಕೃತಕಹಲ್ಲು ಎದುರಿನ ಸ್ವಂತ ಹಲ್ಲಿನ ಹೊಳಪುಪದರವನ್ನು ಉಜ್ಜಿ ಸವೆಸುತ್ತದೆ. ಅಕ್ರಿಲಿಕ್ ಹಲ್ಲಾದರೋ ತಾನೇ ಸವೆಯುತ್ತದೆ. ಸವೆದ ಕೃತಕಹಲ್ಲನ್ನು ಬದಲಿಸಬಹುದಾದುದರಿಂದ ಇಲ್ಲಿ ಸಾಮಾನ್ಯವಾಗಿ ಅಕ್ರಿಲಿಕ್ಕನ್ನೇ ಆರಿಸುತ್ತಾರೆ. ಸ್ವಂತ ಹಲ್ಲುಗಳ ಪೆಟ್ಟಿಗೆ ಮೇಲಿನ ಪಂಕ್ತಿ ನಡುಮಧ್ಯದಲ್ಲಿ ಸೀಳುವುದುಂಟು. ಅದಕ್ಕಾಗಿ ತಳಕ್ಕೆ ಲೋಹದ ಬಲ ಕೊಡುವುದೂ ಉಂಟು.

ಧರಿಸುವವರ ಕೆಲಸ

ಕಬ್ಬನ್ನು ಸಿಗಿಯುವುದು, ಮುಂದಿನ ಹಲ್ಲಿನಿಂದ ಖಡಕ್ ರೊಟ್ಟಿಯನ್ನು ಮುರಿಯುವುದು, ಇವನ್ನು ಬಿಡಬೇಕು. ರೊಟ್ಟಿಯನ್ನು ಬಿಡಬೇಕಾಗಿಲ್ಲ: ಕೈಯಿಂದ ಚೂರುಮಾಡಿ, ಸಾರಿನಲ್ಲೋ ಹಾಲಿನಲ್ಲೋ ನೆನೆಸಿ, ಎರಡೂ ಕಡೆಯ ಹಿಂದಿನ ಹಲ್ಲುಗಳಲ್ಲಿ ನಿಧಾನವಾಗಿ ಅಗಿಯಬೇಕು. ಶೇಂಗಾವನ್ನು ಚಟ್ನಿಪುಡಿಯಾಗಿ ತಿನ್ನಬಹುದು. ರಾತ್ರಿ ಪಂಕ್ತಿಗಳನ್ನು ತೆಗೆದು ತೊಳೆದು ತಣ್ಣೀರಿನಲ್ಲಿಟ್ಟರೆ ಒಸಡಿಗೆ ವಿಶ್ರಾಂತಿ ದೊರೆಯುತ್ತದೆ. ಕುದಿನೀರು ತಾಗಿದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ. ಇದ್ದಿಲಿನ ಪುಡಿಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಉಳಿದ ಸ್ವಂತ ಹಲ್ಲುಗಳನ್ನು ದಿನಕ್ಕೆರಡು ಬಾರಿ ಉಜ್ಜುವುದನ್ನು ಮರೆಯಬಾರದು. ಇಡೀ ಏರ್ಪಾಟು ನಿಂತಿರುವುದು ಅವುಗಳ ಮೇಲೆ.

ವರ್ಷಕ್ಕೊಮ್ಮೆ, ನೋವಿಲ್ಲದಿದ್ದರೂ, ತೋರಿಸಿಕೊಳ್ಳಬೇಕು. ಎಲುಬು ಸವೆದು ಸಂದಾದ ಕಡೆ ಪಂಕ್ತಿಯ ಒಳಮೈಗೆ ಹೊಸ ಪದರವನ್ನು ತುಂಬಿಸಿದರೆ ಅದು ಮತ್ತೆ ಸರಿಯಾಗಿ ಕೂರುತ್ತದೆ. ಹರಪನಹಳ್ಳಿಯ ಕಡೆಯವರಿಗೆ ದಾವಣಗೆರೆ ದೂರವಲ್ಲ. ಅಲ್ಲಿ 1979ರಲ್ಲಿ ಬಾಪೂಜಿ ದಂತವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಬಡ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಒದಗಿಸುವ ದಂತಭಾಗ್ಯ ಯೋಜನೆಯನ್ನು ಕರ್ನಾಟಕ ಸರ್ಕಾರವು 2014ರಲ್ಲಿ ಆರಂಭಿಸಿತು. ಪಂಕ್ತಿ ಉಚಿತವಾಗಿಯೇ ದೊರೆತರೂ, ಹಣ ಕೊಟ್ಟೇ ಕಟ್ಟಿಸಿದರೂ, ಅದನ್ನು ತಂದ ದಿನಕ್ಕೆ ಚಿಕಿತ್ಸೆ ಮುಗಿಯಿತೆಂದು ತಿಳಿಯಬಾರದು. ಮುಂದಿನ ಪರೀಕ್ಷೆಯ ದಿನವನ್ನು ಅಂದೇ ಗೊತ್ತುಮಾಡಿಕೊಂಡು ಬರುವುದು ಒಳ್ಳೆಯದು.