ಹೆಚ್ಚಿನ ಎಂಟುನೂರು ರೂಪಾಯಿ ಯಾವುದಕ್ಕೆ?

ಮೂಡಿಗೆರೆಯಲ್ಲಿ ನಮ್ಮದು ನಾಲ್ಕು ಜನರ ಸಂಸಾರ. ತಿಂಗಳ ದಿನಸಿ, ತರಕಾರಿಗೆಂದು ಎತ್ತಿಡುವುದು 8,000 ರೂಪಾಯಿ. ಅದೇ ಚೀಟಿಯನ್ನು ಹಿಡಿದು ಎಲ್ಲವನ್ನೂ ಸಾವಯವವೇ ಆಗಲಿ ಎಂದು ಹೊರಟರೆ 13,000 ದಾಟುತ್ತದೆ. ಸಂಬಳದ ಮನೆಗೆ ಅದು ಆಗದ ಮಾತು. ಹಾಗಂತ ಮಕ್ಕಳ ತಟ್ಟೆಗೆ ಏನು ಬೀಳುತ್ತಿದೆ ಎಂಬ ಚಿಂತೆಯನ್ನು ಬಿಟ್ಟುಬಿಡಲೂ ಆಗದು. ಕಾಸರಗೋಡಿನ ಗೇರುತೋಟಗಳ ಮೇಲೆ ಸುರಿದ ಎಂಡೋಸಲ್ಫಾನ್ ಕೀಟನಾಶಕ ಮಾಡಿದ ಅನಾಹುತವನ್ನು ಕಂಡವರು ನಾವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯುವ ಹೊತ್ತಿಗೆ ಎಷ್ಟೋ ಮನೆಗಳು ಬೆಲೆ ತೆತ್ತಾಗಿತ್ತು.

ಆದ್ದರಿಂದ ಮನೆಯಲ್ಲಿ ಕೂತು ಒಂದು ಮೊತ್ತ ಗೊತ್ತುಮಾಡಿದೆವು: ಸಾವಯವಕ್ಕೆಂದು ತಿಂಗಳಿಗೆ ಹೆಚ್ಚುವರಿ 800 ರೂಪಾಯಿ, ಅದರ ಮೇಲೆ ಒಂದು ಪೈಸೆ ಇಲ್ಲ. ಈ ಹಣ ಯಾವ ಪದಾರ್ಥಕ್ಕೆ ಹೋಗಬೇಕು ಎನ್ನುವುದನ್ನು ಮೂರು ಪ್ರಶ್ನೆಗಳಿಂದ ತೀರ್ಮಾನಿಸುತ್ತೇವೆ. ಇದನ್ನು ದಿನಾ ತಿನ್ನುತ್ತೇವೆಯೇ? ಸಿಪ್ಪೆಸಮೇತ ತಿನ್ನುತ್ತೇವೆಯೇ? ಕೊಯ್ಲಿನ ಹೊತ್ತಿಗೂ ಇದಕ್ಕೆ ಔಷಧಿ ಹೊಡೆಯುತ್ತಾರೆಯೇ? ಮೂರಕ್ಕೂ ಹೌದು ಎಂದಾದರೆ ಹಣ ಮೊದಲು ಅಲ್ಲಿಗೆ.

ಅಕ್ಕಿಯನ್ನೇ ನೋಡಿ. ತಿಂಗಳಿಗೆ 25 ಕೆ.ಜಿ. ಬೇಕು. ಕೆ.ಜಿ.ಗೆ 35 ರೂಪಾಯಿ ಹೆಚ್ಚೆಂದರೂ 875 ಆಯಿತು; ಎತ್ತಿಟ್ಟ ಹಣವೆಲ್ಲ ಅಕ್ಕಿಯೊಂದಕ್ಕೇ ಮುಗಿಯಿತು. ಆದರೆ ಭತ್ತಕ್ಕೆ ಬಿದ್ದ ಔಷಧಿಯ ಶೇಷ ಉಳಿಯುವುದು ಹೆಚ್ಚಾಗಿ ಹೊಟ್ಟು, ತೌಡಿನಲ್ಲಿ. ಪಾಲಿಶ್ ಆದ ಬಿಳಿ ಅಕ್ಕಿಯಲ್ಲಿ ಅದು ಕಡಿಮೆ. ಹಾಗಾಗಿ ಬಿಳಿ ಅಕ್ಕಿಯನ್ನು ಮಾಮೂಲಿ ಅಂಗಡಿಯಿಂದಲೇ ತರುತ್ತೇವೆ. ಪಾಲಿಶ್ ಮಾಡದ ಅಕ್ಕಿ ಉಣ್ಣುವ ಮನೆಯವರು ಮಾತ್ರ ಈ ಲೆಕ್ಕವನ್ನು ತಿರುಗಿಸಿ ಹಾಕಬೇಕು, ಏಕೆಂದರೆ ಅವರು ತೌಡನ್ನೂ ತಿನ್ನುತ್ತಾರೆ.

ಒಣಮೆಣಸಿನಕಾಯಿಯದು ಇದಕ್ಕೆ ಪೂರ್ತಿ ವಿರುದ್ಧ. ಔಷಧಿ ಹೆಚ್ಚು ಬೀಳುವ ಬೆಳೆ ಅದು. ತೊಳೆಯದೆ ಒಣಗಿಸಿ, ಸಿಪ್ಪೆಸಮೇತ ಪುಡಿಮಾಡಿ, ದಿನಾ ಸಾರಿಗೆ ಹಾಕುತ್ತೇವೆ. ಬೇಕಾಗುವುದು ತಿಂಗಳಿಗೆ ಅರ್ಧ ಕೆ.ಜಿ., ಹೆಚ್ಚು ಬೀಳುವುದು 100 ರೂಪಾಯಿ. ಸಾವಯವಕ್ಕೆ ಕೊಡುವ ಹಣದಲ್ಲಿ ಇಷ್ಟು ಸಾರ್ಥಕವಾದದ್ದು ನನ್ನ ಪ್ರಕಾರ ಇನ್ನೊಂದಿಲ್ಲ.

ಎರಡನೆಯದು ಬದನೆ, ಬೆಂಡೆ, ಹೂಕೋಸು, ಹಸಿಮೆಣಸು. ಇವು ನಮ್ಮ ಸಂತೆಗೆ ಬರುವುದು ಹೆಚ್ಚಾಗಿ ಬಯಲುಸೀಮೆಯಿಂದ. ಬದನೆಯ ಹುಳು ಕಾಯಿಯ ಒಳಗೇ ಸೇರಿಕೊಳ್ಳುವುದರಿಂದ ಬೆಳೆಗಾರ ಕೊಯ್ಲು ನಡೆಯುತ್ತಿರುವಾಗಲೂ ಔಷಧಿ ಹೊಡೆಯಬೇಕಾಗುತ್ತದೆ. ಹುಳು ಕೊರೆದ ತೂತು ಇದ್ದರೆ ವಿಷ ಇಲ್ಲ ಎಂದು ನಂಬಿ ಆರಿಸುವವರಿದ್ದಾರೆ. ತೂತು ಅದಕ್ಕೆ ಸಾಕ್ಷಿಯಲ್ಲ. ಭಾರತದ ಬೆಂಡೆ, ಕರಿಬೇವನ್ನು ಕೀಟನಾಶಕದ ಶೇಷದ ಕಾರಣಕ್ಕೆ ಐರೋಪ್ಯ ಒಕ್ಕೂಟ ಹೆಚ್ಚುವರಿ ತಪಾಸಣೆಗೆ ಒಳಪಡಿಸಿದೆ. ಬೆಂಡೆಯನ್ನು ಗೊತ್ತಿರುವ ಬೆಳೆಗಾರನಿಂದ ಕೊಳ್ಳಿ. ಕರಿಬೇವಿಗೆ ಹಿತ್ತಲಲ್ಲೊಂದು ಗಿಡ ಸಾಕು.

ಇನ್ನು ಹಣವೇ ಬೇಡದ ಪಟ್ಟಿ. ಮಲೆನಾಡಿನವರ ಭಾಗ್ಯ ಇರುವುದು ಇಲ್ಲಿ. ಹಲಸು, ಬಾಳೆ, ಪಪ್ಪಾಯಿ, ಚಕ್ಕೋತ, ತೆಂಗು, ಸಿಹಿಕುಂಬಳ, ಸುವರ್ಣಗೆಡ್ಡೆ ಇವೆಲ್ಲದರ ಸಿಪ್ಪೆ ತಿಪ್ಪೆಗೆ ಹೋಗುತ್ತದೆ. ಬೇಲಿಯ ಸೀಮೆಬದನೆ, ಚಪ್ಪರದ ಬಸಳೆ, ಅಂಗಳದಂಚಿನ ನುಗ್ಗೆಗೆ ಯಾರೂ ಔಷಧಿ ಹೊಡೆಯುವುದಿಲ್ಲ. ವಾರದಲ್ಲಿ ಮೂರು ದಿನ ಇವುಗಳ ಪಲ್ಯ, ಹುಳಿ ಮಾಡಿದರೆ ಹೂಕೋಸಿಗೆ ಕೊಡುವ ದುಡ್ಡು ಉಳಿಯುತ್ತದೆ. ನಮ್ಮ 800 ರೂಪಾಯಿಯಲ್ಲಿ ಹೆಚ್ಚಿನ ಪಾಲು ಹೀಗೆ ಉಳಿಸಿದ್ದೇ.

ಆದರೆ ಒಂದು ಎಚ್ಚರಿಕೆ. ಕಾಫಿ ಗಿಡದ ಬುಡದಿಂದ ತರುವ ಸೊಪ್ಪು ಒಂದು ಕಾಲದಲ್ಲಿ ಎಲ್ಲಕ್ಕಿಂತ ಶುದ್ಧ ಆಹಾರವಾಗಿತ್ತು. ಈಗ ಕತ್ತಿಯಲ್ಲಿ ಕಳೆ ಹೊಡೆಯಲು ಆಳು ಸಿಗದ ತೋಟಗಳಲ್ಲಿ ಕಳೆನಾಶಕ ಬಂದಿದೆ. ಕಳೆದ ಮಳೆಗಾಲ ಪತ್ರೊಡೆಗೆಂದು ಪಕ್ಕದ ತೋಟದ ಚರಂಡಿಯಿಂದ ಕೆಸುವಿನ ಎಲೆ ಕೊಯ್ಯಲು ಹೋದಾಗ ಅಲ್ಲಿಯ ಮೇಸ್ತ್ರಿ, “ಅಕ್ಕಾ, ಆ ಸಾಲು ಬ್ಯಾಡ, ಹೋದ ವಾರ ಔಷಧಿ ಹೊಡ್ದೀವಿ” ಎಂದು ತಡೆದರು. ಎಲೆ ಹಸಿರಾಗಿಯೇ ಇತ್ತು, ಅಂಚು ಮಾತ್ರ ತುಸು ಹಳದಿಗೆ ತಿರುಗಿತ್ತು. ಒಂದೆಲಗವಾಗಲಿ, ಗಣಿಕೆ ಸೊಪ್ಪಾಗಲಿ, ತೋಟದಿಂದ ತರುವ ಮುಂಚೆ ರೈಟರನ್ನೋ ಮೇಸ್ತ್ರಿಯನ್ನೋ ಕೇಳಿಯೇ ತನ್ನಿ.

ಕಾಫಿಯ ಬಗ್ಗೆ ನನ್ನ ಮಾತು ಇಲ್ಲಿಯ ಕೆಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಹಣ ಕಡಿಮೆ ಇದ್ದರೆ ಸಾವಯವ ಕಾಫಿಪುಡಿ ಪಟ್ಟಿಯ ಕೊನೆಯಲ್ಲಿರಲಿ. ಹಣ್ಣಿನ ಸಿಪ್ಪೆ, ಬೀಜದ ಹೊರಪದರ ಎರಡೂ ಹೋಗಿ, 200 ಡಿಗ್ರಿ ಶಾಖದಲ್ಲಿ ಹುರಿದ ಬೀಜದಿಂದ ಲೋಟಕ್ಕೆ ಇಳಿಯುವ ಶೇಷ ಬಹಳ ಕಡಿಮೆ. ನಮ್ಮ ಕಾನೂನು ಕಾಫಿಪುಡಿಯಲ್ಲಿ ಶೇ 49ರವರೆಗೆ ಚಿಕೋರಿಗೆ ಅವಕಾಶ ಕೊಟ್ಟಿದೆ. ಹೆಚ್ಚು ಕೊಡುವ ದುಡ್ಡನ್ನು ಚಿಕೋರಿ ಕಡಿಮೆ ಮಾಡಿಸಲು ಕೊಡಿ. ಶಕ್ತಿ ಇರುವವರು ಸಾವಯವ ಕಾಫಿಯನ್ನು ಖಂಡಿತ ಕೊಳ್ಳಲಿ. ಔಷಧಿ ಹೊಡೆಯುವವರ ಮೈಗೂ, ಹೇಮಾವತಿ, ಭದ್ರೆಯ ನೀರಿಗೂ ಅದು ದೊಡ್ಡ ಉಪಕಾರ.

ಪ್ಯಾಕೆಟ್ ಕೊಳ್ಳುವಾಗ ಸಾವಯವ ಪ್ರಮಾಣೀಕರಣದ ಮುದ್ರೆ ನೋಡಿ. 2017ರ ನಿಯಮದ ಪ್ರಕಾರ ಸಾವಯವ ಎಂದು ಮಾರುವ ಪೊಟ್ಟಣಕ್ಕೆ ಪ್ರಮಾಣಪತ್ರದ ಆಧಾರ ಬೇಕು. ‘ನ್ಯಾಚುರಲ್’, ‘ಫಾರ್ಮ್ ಫ್ರೆಶ್’ ಎಂಬ ಮಾತುಗಳಿಗೆ ಆ ಬೆಲೆ ಇಲ್ಲ. ತಾನು ಬೆಳೆದದ್ದನ್ನು ನೇರವಾಗಿ ನಿಮಗೆ ಮಾರುವ ಸಣ್ಣ ರೈತನಿಗೆ ಇದರಿಂದ ವಿನಾಯಿತಿ ಇದೆ. ಅವನ ಹತ್ತಿರ ಮುದ್ರೆ ಇಲ್ಲದಿದ್ದರೂ ಗದ್ದೆ, ತೋಟ ಕಣ್ಣೆದುರಿಗೇ ಇರುತ್ತದೆ. ಹೋಗಿ ನೋಡಿ, ಏನು ಹೊಡೆಯುತ್ತೀರಿ, ಕೊನೆಯ ಬಾರಿ ಯಾವಾಗ ಎಂದು ಕೇಳಿ. ಕಾಳುಮೆಣಸನ್ನು ನಾವು ಹೀಗೇ ಕಳಸದ ಕಡೆಯ ಬೆಳೆಗಾರರೊಬ್ಬರಿಂದ ತರಿಸುತ್ತೇವೆ. ಅಂಗಡಿ ಬೆಲೆಗಿಂತ ಹೆಚ್ಚಾಗುವುದಿಲ್ಲ.

ಉಳಿದದ್ದಕ್ಕೆ ನೀರೇ ಗತಿ. 2017ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದವರು ಸೇಬನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ 12ರಿಂದ 15 ನಿಮಿಷ ತೊಳೆದಾಗ ಮೇಲ್ಮೈಯ ಎರಡು ಔಷಧಿಗಳು ಹೋದದ್ದನ್ನು ಕಂಡರು; ಸಿಪ್ಪೆಯ ಒಳಗೆ ಇಳಿದದ್ದು ಹೋಗಲಿಲ್ಲ. ಒಂದು ಲೀಟರಿಗೆ ಎರಡು ಚಮಚ ಸೋಡಾ ಸಾಕು.

ನಮ್ಮ 800 ರೂಪಾಯಿಯ ಲೆಕ್ಕ ಇಷ್ಟು: ಒಣಮೆಣಸಿಗೆ 100, ಸೊಪ್ಪು, ಕೊತ್ತಂಬರಿಗೆ 150, ಬದನೆ, ಬೆಂಡೆಯಂಥ ತರಕಾರಿಗೆ 350, ಬೆಲ್ಲಕ್ಕೆ 80, ಸಿಪ್ಪೆಸಮೇತ ತಿನ್ನುವ ದ್ರಾಕ್ಷಿ, ಸೇಬಿಗೆ 120. ನಿಮ್ಮ ಮನೆಗೆ 300 ಮಾತ್ರ ಸಾಧ್ಯವಿದ್ದರೆ ಮೆಣಸಿನಕಾಯಿ, ಸೊಪ್ಪಿನಿಂದ ಶುರುಮಾಡಿ. ಆದರೆ ಸಾವಯವದ ಬೆಲೆಗೆ ಹೆದರಿ ಮಕ್ಕಳಿಗೆ ತರಕಾರಿ ಕಡಿಮೆ ಮಾಡಬೇಡಿ. ಚೆನ್ನಾಗಿ ತೊಳೆದ ಮಾಮೂಲಿ ಸೊಪ್ಪು, ಸೊಪ್ಪೇ ಇಲ್ಲದ ಊಟಕ್ಕಿಂತ ಎಷ್ಟೋ ಮೇಲು.